ದೊರೆಸಾನಿ ಕೇಳಿದ್ದು, ಅತ್ತೆ ಕೇಳಿದ್ದು

ನನಗೊಂದು ಕೆಟ್ಟ ಚಾಳಿ ಇದೆ. ಯಾರಾದರೂ ಏನಾದರೂ ಕೇಳಿದರೆ ಥಟ್ಟನೆ ಉತ್ತರ ಬರುವುದಿಲ್ಲ. ಮೊದಲು ಸೆರಗು ಸರಿಮಾಡಿಕೊಳ್ಳಬೇಕು, ಆಮೇಲೆ ಗಂಟಲು ಸರಿಮಾಡಿಕೊಳ್ಳಬೇಕು, ಆಮೇಲೆ ಇವರು ಇದನ್ನು ಯಾಕೆ ಕೇಳುತ್ತಿದ್ದಾರೆ ಎಂದು ಅವರ ಮುಖ ನೋಡಬೇಕು. ಮೊನ್ನೆ ನನ್ನ ತಮ್ಮನ ಸೊಸೆ ಅಡಿಗೆಮನೆಯಿಂದ "ಹುಣಸಿಹಣ್ಣಿನ ಗಡಿಗಿ ಎಲ್ಲಿಟ್ಟೀರ್ರೀ?" ಎಂದು ಕೂಗಿದಳು. ನಾನಿನ್ನೂ ಸೆರಗಿನಲ್ಲಿಯೇ ಇದ್ದೆ. ಅವಳೇ ಗಡಿಗೆ ಹುಡುಕಿಕೊಂಡು, "ಇವರ್ನ ಕೇಳಿ ಸಾರು ಮಾಡೋದಾದ್ರ ನಾಳಿ ಉಣಬೇಕಾಗ್ತದ" ಎಂದು ಗೊಣಗಿದಳು. ಅವಳ ಮಾತೇನೂ ಸುಳ್ಳಲ್ಲ.

ವಯಸ್ಸಾಯಿತು, ಅದಕ್ಕೇ ಹೀಗೆ ಎಂದು ನೀವು ಅಂದುಕೊಂಡೀರಿ. ಹಾಗಲ್ಲ. ಈ ಚಾಳಿ ನನಗೆ ಅಂಟಿಕೊಂಡದ್ದು ಇಪ್ಪತ್ತರ ಆಸುಪಾಸಿನಲ್ಲಿ, ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ಒಂದು ಕುರ್ಚಿಯ ಮೇಲೆ. ಅದಕ್ಕೆ ಮುಂಚೆ ನಾನು ಬಾಯಿಬಡಕಿ. ಸಿರುಗುಪ್ಪದ ನಮ್ಮ ಓಣಿಯಲ್ಲಿ "ಕೇಳೋಕಿಂತ ಮೊದಲ ಹೇಳ್ತಾಳ ತುಂಗಾ" ಎಂದು ನನಗೆ ಹೆಸರೇ ಇತ್ತು.

ಅಪ್ಪ ಮನೆಯ ಕಟ್ಟೆಯ ಮೇಲೆ ಸಾಲಿ ನಡೆಸುತ್ತಿದ್ದರು. ಹೊಳೆಯ ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಕಾಲದಲ್ಲಿ ಹುಡುಗರು ನಾಪತ್ತೆ, ಸುಗ್ಗಿಯಲ್ಲಿ ನಾಪತ್ತೆ, ಉಳಿದ ದಿನಗಳಲ್ಲಿ ಅಪ್ಪನ ಬೆತ್ತಕ್ಕೆ ಹೆದರಿ ನಾಪತ್ತೆ. ಎಂದೂ ತಪ್ಪದೆ ಹಾಜರಿದ್ದವಳು ನಾನೊಬ್ಬಳೇ, ಅದೂ ಬಾಗಿಲ ಹಿಂದೆ. ಒಳಗೆ ಭತ್ತ ಕುಟ್ಟುತ್ತಾ ಹೊರಗಿನ ಮಗ್ಗಿ ಕೇಳಿ ಕಲಿತೆ. ಅದರಿಂದ ಆದ ತೊಂದರೆ ಏನೆಂದರೆ ಇವತ್ತಿಗೂ ಹದಿನೇಳರ ಮಗ್ಗಿ ಹೇಳಬೇಕಾದರೆ ಕೈ ಒನಕೆ ಎತ್ತಿದ ಹಾಗೆ ಮೇಲೆ ಕೆಳಗೆ ಆಡುತ್ತದೆ. ಅಪ್ಪ ಒಂದು ದಿನ ಒಳಗೆ ಬಂದು ನನ್ನ ಮಗ್ಗಿ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ. ಮರುದಿನದಿಂದ ಬಾಗಿಲನ್ನು ಇನ್ನಷ್ಟು ತೆರೆದಿಟ್ಟರು.

ಮದುವೆ ಕುರುಗೋಡಿನವರ ಜೊತೆ ಆಯಿತು. ನನಗಾಗ ಹಲ್ಲು ಬಿದ್ದು ಹುಟ್ಟುವ ವಯಸ್ಸು ದಾಟಿ ಬಹಳವಾಗಿರಲಿಲ್ಲ. ಗಂಡನ ಮನೆಯ ಹೊಸ್ತಿಲಲ್ಲಿ ನಾದಿನಿಯರ ಬಳಗ ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹಟ ಹಿಡಿಯಿತು. ಗಂಡನ ಹೆಸರನ್ನು ಬರಿಯ ಬಾಯಲ್ಲಿ ಹೇಳುವಂತಿಲ್ಲವಲ್ಲ, ಒಡಪು ಕಟ್ಟಿ ಅದರೊಳಗೆ ಸೇರಿಸಿ ಹೇಳಬೇಕು. ಅಮ್ಮ ಬಂಡಿಯಲ್ಲೇ ಬಾಯಿಪಾಠ ಮಾಡಿಸಿದ್ದಳು:

"ಹೊಳಿಗೆ ಮರಳ ದಂಡಿ, ಬಾವಿಗೆ ಕಲ್ಲ ದಂಡಿ,
ಶ್ರೀನಿವಾಸರಾಯರ ಹೆಸರು ಹೇಳೇನಿ, ಬಿಡ್ರಿ ನನ್ನ ಬಂಡಿ."

ಹೊಸ್ತಿಲಲ್ಲಿ ಬಂಡಿ ಎಲ್ಲಿ ಬಂತು ಎಂದು ನಾದಿನಿಯರು ನಕ್ಕರು. ಆದರೂ ಬಿಟ್ಟರು. ಆ ಹೆಸರನ್ನು ನಾನು ಉಚ್ಚರಿಸಿದ್ದು ಅದೇ ಮೊದಲು. ಆಮೇಲೆ ತಿರುಪತಿಯ ದೇವರನ್ನೂ ಹೆಸರು ಹಿಡಿದು ಕರೆಯುವಂತಿರಲಿಲ್ಲ. ಎಲ್ಲರೂ ಶ್ರೀನಿವಾಸಾ ಎಂದು ಕೈ ಮುಗಿದರೆ ನಾನು "ಬೆಟ್ಟದ ಮ್ಯಾಲಿನವರ" ಎನ್ನುತ್ತಿದ್ದೆ. ನಮ್ಮ ಓಣಿಯಲ್ಲೊಬ್ಬಾಕೆಯ ಗಂಡ ಹಣಮಂತ. ಆಕೆ ಪಾಪ, ಹಣಮಪ್ಪನ ಗುಡಿಗೆ ಹೋಗಬೇಕಾದರೆ "ಬಾಲದ ಸ್ವಾಮಿ ಗುಡಿಗೆ ಹೋಗಿ ಬರ್ತೀನಿ" ಎನ್ನುತ್ತಿದ್ದಳು. ಅವಳಿಗೆ ಹೋಲಿಸಿದರೆ ನನ್ನದು ಮರ್ಯಾದೆಯ ಪಾಡು.

ನನ್ನ ಯಜಮಾನರು ಬಳ್ಳಾರಿಯಲ್ಲಿ ಇಂಗ್ಲಿಷ್ ಓದುತ್ತಿದ್ದರು; ದೊಡ್ಡವಳಾಗುವ ತನಕ ನಾನು ತೌರಿನಲ್ಲೇ. ಹಬ್ಬಕ್ಕೆ ಸಿರುಗುಪ್ಪಕ್ಕೆ ಬಂದಾಗ ಒಮ್ಮೆ, ಹಿತ್ತಲಲ್ಲಿ ಯಾರೂ ಇಲ್ಲದಾಗ, ಬಾಗಿಲ ಆಚೆ ನಿಂತು ಕೇಳಿದರು. "ನಿನಗ ಮಗ್ಗಿ ಬರ್ತದಂತ ಹೌದೇನು? ಹದಿನೇಳ ಎಂಟ್ಲೆ ಎಷ್ಟು?"

"ನೂರಾ ಮೂವತ್ತಾರು" ಎಂದೆ, ಕೇಳುವ ಮೊದಲೇ ಎಂಬಂತೆ.

ಅವರು ಹಾಗೇ ಹೊರಟುಹೋದರು. ನಮ್ಮಿಬ್ಬರ ಸಂಸಾರವೆಂದರೆ ಅಷ್ಟೇ. ಅದಕ್ಕಿಂತ ಹೆಚ್ಚು ಮಾತು ನಮ್ಮ ನಡುವೆ ಆಗಲಿಲ್ಲ. ಮದರಾಸಿನ ಮೆಟ್ರಿಕ್ ಪರೀಕ್ಷೆಯಲ್ಲಿ ಅವರು ಒಮ್ಮೆ ಫೇಲಾಗಿದ್ದರು. ಎರಡನೆಯ ಸಲವೂ ಫೇಲಾದ ಸುದ್ದಿ ಬಂದ ವಾರದಲ್ಲಿ, "ಆದವಾನಿಗೆ ಹೋಗಿ ಬರ್ತೀನಿ" ಎಂದು ತಾಯಿಗೆ ಹೇಳಿ ಹೋದವರು ಬರಲಿಲ್ಲ. ಆ ಕಾಲದಲ್ಲಿ ಪರೀಕ್ಷೆಯಲ್ಲಿ ಫೇಲಾದ ಹುಡುಗರು ಹೀಗೆ ದೇಶಾಂತರ ಹೋಗುವುದು ಹೊಸದೇನಲ್ಲ. ಹೆಚ್ಚಿನವರು ಹಸಿವಾದ ಮೇಲೆ ತಿರುಗಿ ಬರುತ್ತಿದ್ದರು. ಇವರು ಬರಲಿಲ್ಲ. ನನಗೆ ಆಗ ಅವರ ಮೇಲೆ ಸಿಟ್ಟಿತ್ತು. ಈಗ ಯೋಚಿಸಿದರೆ ಅಯ್ಯೋ ಎನ್ನಿಸುತ್ತದೆ. ಉತ್ತರ ಬಾರದ ಪ್ರಶ್ನೆಯ ಎದುರು ಕೂತವರ ಕಷ್ಟ ನನಗೆ ಆಮೇಲಲ್ಲವೇ ಗೊತ್ತಾದದ್ದು.

ವರ್ಷಗಳು ಹೋದವು. ನಾನು ಅತ್ತ ಗಂಡನ ಮನೆಯವಳೂ ಅಲ್ಲ, ಇತ್ತ ತೌರಿನವಳೂ ಅಲ್ಲ. ತಮ್ಮ ದೊಡ್ಡವನಾಗುತ್ತಿದ್ದ. ನಾಳೆ ಅವನಿಗೊಬ್ಬಳು ಹೆಂಡತಿ ಬರುತ್ತಾಳೆ, ಅವಳು ಬಡಿಸಿದ್ದನ್ನು ಉಂಡು ಅವಳು ತೋರಿಸಿದ ಮೂಲೆಯಲ್ಲಿ ನಾನು ಮಲಗಬೇಕು ಎಂಬುದು ಅಪ್ಪನಿಗೆ ನನಗಿಂತ ಮೊದಲೇ ಹೊಳೆದಿತ್ತು. ಆಗಲೇ ಅವರು ಒಂದು ದಿನ ಬಳ್ಳಾರಿಯಿಂದ ಸುದ್ದಿ ತಂದರು. ಬ್ರೂಸ್‌ಪೇಟೆಯಲ್ಲಿ ಹೊಸದಾಗಿ ತೆರೆದ ಹೆಣ್ಣುಮಕ್ಕಳ ಸಾಲಿಗೆ ಉಪಾಧ್ಯಾಯಿನಿ ಬೇಕಂತೆ. ಸಂಬಳದ ಜೊತೆಗೆ ಸಾಲಿಯ ಹಿಂದೆ ಒಂದು ಖೋಲಿ, ಬೇರೆ ಬಾವಿ.

"ಆ ಖೋಲಿಗೆ ಒಳಗಿಂದ ಅಗಳಿ ಐತೇನಪ್ಪಾ?" ಎಂದು ಕೇಳಿದೆ. ಎಂಥ ಪ್ರಶ್ನೆ ನೋಡಿ. ಅಪ್ಪ ನಗಲಿಲ್ಲ. "ಐತಿ. ನೋಡಿ ಬಂದೀನಿ" ಎಂದರು.

ಅವತ್ತಿನಿಂದ ಆ ಖೋಲಿ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು. ಒಲೆ ಯಾವ ಮೂಲೆಗೆ, ನೀರಿನ ಹಂಡೆ ಯಾವ ಮೂಲೆಗೆ, ಹುಡುಗಿಯರು ಹೋದ ಮೇಲೆ ಸಂಜೆ ಯಾವ ಕಡೆ ಮುಖ ಮಾಡಿ ಕೂರುವುದು ಎಲ್ಲವನ್ನೂ ನಿರ್ಧರಿಸಿದ್ದೆ. ಒಲೆಯ ಮೂಲೆಯನ್ನಂತೂ ಮೂರು ಸಲ ಬದಲಾಯಿಸಿದೆ.

ಸಿರುಗುಪ್ಪದಿಂದ ಬಳ್ಳಾರಿಗೆ ಇಮಾಮಸಾಬನ ಬಂಡಿಯಲ್ಲಿ ಹೊರಟೆವು. ಇಮಾಮಸಾಬನಿಗೆ ಎತ್ತು ಹೊಡೆಯುವುದಕ್ಕಿಂತ ಮಾತು ಹೊಡೆಯುವುದರಲ್ಲಿ ಪ್ರೀತಿ. ಕೆಲಸ ಕೊಡುವ ಮೊದಲು ಬಿಳಿಯ ದೊರೆಸಾನಿಯೊಬ್ಬಳು ಪ್ರಶ್ನೆ ಕೇಳುತ್ತಾಳೆ ಎಂದು ಅಪ್ಪನ ಬಾಯಿಂದ ತಿಳಿದದ್ದೇ ತಡ, ಬಂಡಿಯ ಮುಂಭಾಗದಲ್ಲಿ ಹಿಂದಕ್ಕೆ ತಿರುಗಿ ಕೂತ.

"ತಂಗೆಮ್ಮಾ, ನಾನ ದೊರಿಸಾನಿ ಅಂತ ತಿಳ್ಕೊರಿ. ಈಗ ಕೇಳ್ತೀನಿ, ಹೇಳ್ರಿ. ನಿಮಗ ಓದಾಕ ಬರ್ತತೇನು?"

"ಬರ್ತದ."

"ಬರಿಯಾಕ?"

"ಬರ್ತದ."

"ಹಂಗಂದ್ರ ಮತ್ತ ಏನ ಬರಂಗಿಲ್ಲ? ದೊರಿಗೋಳು ಅದನ್ನ ಕೇಳೋದು. ಬರೋದು ಬಿಟ್ಟು ಬರದಿರೋದನ್ನ ಕೇಳ್ತಾರ."

ಅಪ್ಪ ಸಿಡುಕಿದರು. "ನೀ ಮುಂದ ನೋಡಿ ಹೊಡಿಯೋ ಮಾರಾಯಾ."

"ಎತ್ತಿಗೆ ಬಳ್ಳಾರಿ ದಾರಿ ಗೊತ್ತೈತ್ರಿ ರಾಯರ. ದೊರಿಸಾನಿ ದಾರಿ ತಂಗೆಮ್ಮಗ ಗೊತ್ತಿಲ್ಲ" ಎಂದ ಅವನು. ಅವನು ಆಡಿದ್ದರಲ್ಲಿ ತಪ್ಪೇನಿರಲಿಲ್ಲ. ದಾರಿಯುದ್ದಕ್ಕೂ ಕೇಳಿದ. ನೂರು ತೆಂಗಿನಕಾಯಿ ನಾಲ್ಕು ಎತ್ತಿಗೆ ಹೇಗೆ ಹೇರುತ್ತೀ, ರಾಣಿ ಎಲ್ಲಿ ಇರುತ್ತಾಳೆ, ಹುಡುಗಿ ಹೇನು ತಂದರೆ ಏನು ಮಾಡುತ್ತೀ. ನಾನು ಪಟಪಟನೆ ಹೇಳಿದೆ. ಅವನು ಕೊನೆಗೆ ಸೋತು, "ಪಾಸಾದ್ರಿ ತಂಗೆಮ್ಮ" ಎಂದು ಎತ್ತಿನ ಕಡೆ ತಿರುಗಿದ.

ಬಳ್ಳಾರಿಗೆ ಹೋಗುವ ದಾರಿಯಲ್ಲಿ ಕುರುಗೋಡು ಸಿಗುತ್ತದೆ. ಊರನ್ನು ಬಳಸಿ ಹೋಗೋಣ ಎಂದು ಅಪ್ಪ ಅಂದುಕೊಂಡಿದ್ದರು. ಸೊಸೆಯನ್ನು ಕೆಲಸಕ್ಕೆ ಕರೆದೊಯ್ಯುತ್ತೇನೆ ಎಂದು ಬೀಗರ ಮನೆಯಲ್ಲಿ ಹೇಳುವುದು ಹೇಗೆ? ಆದರೆ ಗುಡ್ಡದ ಬಂಡೆಗಳು ಕಾದು ಕೆಂಡವಾಗಿದ್ದವು, ಎತ್ತುಗಳು ನೀರು ಕಂಡು ನಿಂತುಬಿಟ್ಟವು. ಯಾರು ಹೋಗಿ ಹೇಳಿದರೋ, ಅತ್ತೆಯಿಂದ ಕರೆ ಬಂತು.

ಅತ್ತೆ ಮಡಿ ಹೆಂಗಸು. ಎಳೆ ವಯಸ್ಸಿನಲ್ಲೇ ಗಂಡ ತೀರಿಕೊಂಡು, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರಂತೆ. ಒಬ್ಬನೇ ಮಗ, ಅವನೂ ಹೋಗಿದ್ದ. ಅಪ್ಪ ವಿಷಯ ಹೇಳಿ ತಲೆ ತಗ್ಗಿಸಿ ಕೂತರು. ಅತ್ತೆ ಬೈಯಲಿಲ್ಲ. ಸ್ವಲ್ಪ ಹೊತ್ತು ನನ್ನನ್ನೇ ನೋಡಿ, ಪಕ್ಕದ ಮನೆಯ ಮುತ್ತೈದೆಯನ್ನು ಕರೆಸಿದರು. ತಮ್ಮ ಕೈಯಿಂದ ಕುಂಕುಮ ಹಚ್ಚುವಂತಿಲ್ಲವಲ್ಲ. ಆಕೆ ನನಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಅತ್ತೆ ಕಂಬದ ಆಚೆ ನಿಂತು, "ದೊಡ್ಡದಾಗಿ ಹಚ್ಚವಾ, ಇನ್ನೂ ದೊಡ್ಡದು" ಎನ್ನುತ್ತಿದ್ದರು.

ಬಂಡಿ ಹತ್ತುವಾಗ ಅವರು ಹೊರಗೆ ಬರಲಿಲ್ಲ. ಪ್ರಯಾಣಕ್ಕೆ ಹೊರಟವರಿಗೆ ತಾವು ಎದುರಾಗಬಾರದೆಂದು ಬಾಗಿಲ ಹಿಂದಿನಿಂದಲೇ ಮಾತಾಡಿದರು.

"ತುಂಗಾ, ಏನ ಕೇಳಿದ್ರೂ ಹೆದರಬ್ಯಾಡ. ನನ್ನ ಮಗ ಅದಾನ. ಇವತ್ತಲ್ಲ ನಾಳಿ ಬರ್ತಾನ. ಹಣಿಮ್ಯಾಲಿನ ಕುಂಕುಮ ಮಾತ್ರ ಅಳಸಬ್ಯಾಡವಾ."

"ಇಲ್ಲ ಅತ್ತೀ" ಎಂದೆ. ದಾರಿಯಲ್ಲಿ ಬೆವರಿಗೆ ಕುಂಕುಮ ಇಳಿದು ಮೂಗಿನ ಮೇಲೆ ಬಂತು. ನಾನು ಒರೆಸಿಕೊಳ್ಳಲಿಲ್ಲ. ಬಳ್ಳಾರಿಗೆ ಬಂದಾಗ ನನ್ನ ಮುಖ ಹೇಗಿತ್ತೋ ದೇವರಿಗೇ ಗೊತ್ತು. ಇಮಾಮಸಾಬ ಕೋಟೆಯ ಗುಡ್ಡ ತೋರಿಸುವ ನೆವದಲ್ಲಿ ನನ್ನ ಕಡೆ ನೋಡಿ ನಕ್ಕು, "ಜರಾ ನೀರು ಹಚ್ಚಿ ತೊಳ್ಕೊರಿ ತಂಗೆಮ್ಮ, ಹುಡುಗ್ರು ಹೆದರ್‍ಯಾವು" ಎಂದ. ಮುಖ ತೊಳೆದು, ಭರಣಿಯಿಂದ ಮತ್ತೆ ಅಷ್ಟೇ ದೊಡ್ಡದಾಗಿ ಹಚ್ಚಿಕೊಂಡೆ.

ಸಾಲಿ ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿತ್ತು. ಸುತ್ತ ಹತ್ತಿಯ ಅಂಗಡಿಗಳು, ಮೆಣಸಿನಕಾಯಿಯ ಘಾಟು. ಸೀನುತ್ತಲೇ ಒಳಗೆ ಹೋದೆ. ಮೇಜಿನ ಆಚೆ ಇಬ್ಬರು ಕೂತಿದ್ದರು. ಒಬ್ಬಳು ದೊರೆಸಾನಿ, ಸಾಲಿಯ ಮೇಲ್ವಿಚಾರಣೆ ಅವಳದು. ಇನ್ನೊಬ್ಬರು ಸಾಲಿಗಳ ಇನ್ಸ್‌ಪೆಕ್ಟರ್, ತೆಲುಗಿನವರು. ಅವರನ್ನು ಎಲ್ಲರೂ ಪಂತುಲು ಎನ್ನುತ್ತಿದ್ದರು. ದೊರೆಸಾನಿಯ ಮಾತನ್ನು ಕನ್ನಡದಲ್ಲಿ ನನಗೆ, ನನ್ನ ಮಾತನ್ನು ಇಂಗ್ಲಿಷಿನಲ್ಲಿ ಅವಳಿಗೆ ಹೇಳುವುದು ಅವರ ಕೆಲಸ. ಅಪ್ಪನನ್ನು ಹೊರಗೆ ಕೂಡಿಸಿದರು. ನನಗೆ ಕುರ್ಚಿ ತೋರಿಸಿದರು.

ಕುರ್ಚಿಯ ಮೇಲೆ ನಾನು ಅದುವರೆಗೆ ಕೂತಿರಲಿಲ್ಲ. ಕಾಲು ಇಳಿಬಿಟ್ಟು ಹಿರಿಯರ ಮುಂದೆ ಕೂರುವುದು ಮರ್ಯಾದೆಯಲ್ಲ ಎಂದು, ಕಾಲು ಮೇಲಕ್ಕೆ ಮಡಚಿ ಚಕ್ಕಳಮಕ್ಕಳ ಹಾಕಿ, ಊಟಕ್ಕೆ ಕೂತ ಹಾಗೆ ಕೂತೆ. ಪಂತುಲು ಕೆಮ್ಮಿದರು. ದೊರೆಸಾನಿ ಬಾಯಿಗೆ ಕರವಸ್ತ್ರ ಹಿಡಿದಳು.

ಓದಿಸಿದರು, ಓದಿದೆ. ಬರೆಸಿದರು, ಬರೆದೆ. ಮಗ್ಗಿ ಕೇಳಿದಾಗ ಕೈ ಮೇಲೆ ಕೆಳಗೆ ಆಡಿದ್ದನ್ನು ಕಂಡು ದೊರೆಸಾನಿ ಏನೋ ಕೇಳಿದಳು. ಪಂತುಲು "ಅಮ್ಮಗಾರು, ಕೈಗೆ ಏನಾದರೂ ಜಡ್ಡೇ?" ಎಂದರು. ಒನಕೆಯ ಕಥೆ ಹೇಳಿದೆ. ಅದನ್ನು ಇಂಗ್ಲಿಷಿಗೆ ತಿರುಗಿಸಲು ಅವರಿಗೆ ಬಹಳ ಹೊತ್ತು ಹಿಡಿಯಿತು.

"ಎಲ್ಲಾ ಜಾತಿ ಹುಡುಗೇರು ಬರ್ತಾರ. ಮುಟ್ಟಿ ಕಲಿಸ್ತೀರೋ, ದೂರ ಕೂಡಿಸ್ತೀರೋ ಅಂತ ದೊರೆಸಾನಿ ಕೇಳ್ತಾರೆ."

ಇದು ಕಷ್ಟದ ಪ್ರಶ್ನೆಯೇ. ಆದರೆ ಆಗ ನಾನು ಬಾಯಿಬಡಕಿಯಲ್ಲವೇ? "ಮುಟ್ಟೇ ಕಲಸ್ತೀನ್ರಿ. ಸಂಜಿಗೆ ಹೆಂಗೂ ಸ್ನಾನ ಮಾಡ್ತೀನಿ. ಒಬ್ಬರನ್ನ ಮುಟ್ಟಿದ್ರೂ ಒಂದ ಸ್ನಾನ, ಊರನ್ನ ಮುಟ್ಟಿದ್ರೂ ಒಂದ ಸ್ನಾನ" ಎಂದೆ. ಈಗ ಆ ಉತ್ತರ ನೆನೆದರೆ ಸ್ವಲ್ಪ ನಾಚಿಕೆಯಾಗುತ್ತದೆ. ದೊರೆಸಾನಿ ಮಾತ್ರ ಮನಸಾರೆ ನಕ್ಕಳು. ಅವಳಿಗೆ ನಾನು ಹಿಡಿಸಿದ್ದೆ. ಖೋಲಿಯಲ್ಲಿ ಒಲೆ ಬಾಗಿಲಿನ ಬಲಕ್ಕೇ ಇರಲಿ ಎಂದು ನಾನು ಕೂತಲ್ಲೇ ತೀರ್ಮಾನ ಮಾಡಿದೆ.

ಆಮೇಲೆ ಅವಳು ಲೇಖಣಿ ತೆಗೆದುಕೊಂಡು, ನನ್ನ ಹೆಸರು ಬರೆದು, ಗಂಡನ ಹೆಸರೇನು ಎಂದು ಕೇಳಿದಳು.

ಪಂತುಲು ಕನ್ನಡದಲ್ಲಿ ಕೇಳಿದರು. ನಾನು ಸುಮ್ಮನೆ ಕೂತೆ. ಮತ್ತೆ ಕೇಳಿದರು. ಮತ್ತೂ ಸುಮ್ಮನೆ. ಹದಿನೇಳರ ಮಗ್ಗಿ ಹೇಳುವವಳಿಗೆ ಗಂಡನ ಹೆಸರು ಗೊತ್ತಿಲ್ಲವೇ ಎಂದು ದೊರೆಸಾನಿಗೆ ಆಶ್ಚರ್ಯ. ಪಂತುಲು ನಗುತ್ತಾ ನಮ್ಮ ಕಡೆಯ ಪದ್ಧತಿ ವಿವರಿಸಿದರು. ಹೊರಗಿನಿಂದ ಅಪ್ಪನನ್ನು ಕರೆದು ಕೇಳೋಣ ಎಂದರು. ಅವಳು ಬೇಡ ಎಂದಳು. ಕೆಲಸ ಬೇಕಾದವಳು ಇವಳು, ಇವಳೇ ಹೇಳಲಿ.

ಹೋಗಿ ಹೋಗಿ ಇಂಥದರಲ್ಲಿ ಕೆಲಸ ಕೆಡುತ್ತದಲ್ಲ ಎಂದು ದಿಗಿಲಾಗಿ, ನಾನು ಕುರ್ಚಿಯಿಂದ ಇಳಿದು, ಗೋಡೆಯ ಕಡೆ ಮುಖ ಮಾಡಿ, ಹೊಸ್ತಿಲಲ್ಲಿ ನಿಂತ ಮದುಮಗಳ ಹಾಗೆ ಒಡಪು ಹೇಳಿಬಿಟ್ಟೆ. ಮರಳ ದಂಡಿ, ಕಲ್ಲ ದಂಡಿ, ಬಿಡ್ರಿ ನನ್ನ ಬಂಡಿ, ಎಲ್ಲ. ದೊರೆಸಾನಿ ಚಪ್ಪಾಳೆ ತಟ್ಟಿದಳು. ಮತ್ತೊಮ್ಮೆ ಹೇಳಿಸಿದಳು. ನಾನು ಗೆದ್ದೆ ಎಂದುಕೊಂಡು ಕುರ್ಚಿಗೆ ಬಂದೆ, ಈ ಸಲ ಕಾಲು ಇಳಿಬಿಟ್ಟು.

"ಈಗ ಆತ ಎಲ್ಲಿದ್ದಾರೆ?" ಎಂದರು ಪಂತುಲು.

"ಗೊತ್ತಿಲ್ರಿ. ಊರು ಬಿಟ್ಟು ಹೋಗ್ಯಾರ."

ಅವರಿಬ್ಬರೂ ಇಂಗ್ಲಿಷಿನಲ್ಲಿ ಬಹಳ ಮಾತಾಡಿಕೊಂಡರು. ದೊರೆಸಾನಿಯ ಮುಖದಿಂದ ನಗು ಹೋಯಿತು. ಪಂತುಲು ನನ್ನ ಕಡೆ ತಿರುಗಿ ಮೆಲ್ಲಗೆ ಬಿಡಿಸಿ ಹೇಳಿದರು. "ನೋಡಮ್ಮಾ, ಇಲ್ಲಿ ಒಂದು ಕಾಯಿದೆ ಇದೆ. ಗಂಡ ಇದ್ದ ಹೆಣ್ಣುಮಗಳನ್ನು ತಗೋಬೇಕಾದರೆ ಆತನೇ ಬಂದು ಒಪ್ಪಿಗೆ ಕೊಡಬೇಕು. ನಾಳೆ ಆತ ಬಂದು ನನ್ನ ಹೆಂಡತಿಯನ್ನು ಕಳಿಸಿರಿ ಎಂದು ಗಲಾಟೆ ಮಾಡಬಾರದು ನೋಡು. ವಿಧವೆಯಾದರೆ ತಂದೆಯ ಮಾತು ಸಾಕು. ದೊರೆಸಾನಿಗೆ ನಿನ್ನನ್ನೇ ತಗೋಬೇಕು ಅಂತ ಇದೆ. ಒಂದೇ ಮಾತು ಹೇಳು. ಆತ ಇದ್ದಾರೋ, ಇಲ್ಲವೋ?"

ಆಗ ನನಗೆ ಮೊದಲ ಸಲ ಉತ್ತರ ತಿಳಿಯದೆ ಮಾತು ನಿಂತಿತು. ಸೆರಗು ಸರಿಮಾಡಿಕೊಂಡೆ.

ಇಲ್ಲ ಎಂಬಷ್ಟು ಕನ್ನಡ ದೊರೆಸಾನಿಗೂ ಬರುತ್ತಿತ್ತೋ ಏನೋ, ಪಂತುಲು ತೆಲುಗಿನಲ್ಲಿ ಪಿಸುಗುಟ್ಟಿದರು. "ಲೇಡು ಅನಿ ಚೆಪ್ಪಮ್ಮಾ." ಇಲ್ಲ ಎಂದು ಹೇಳಮ್ಮಾ. ಒಳ್ಳೆಯ ಮನುಷ್ಯ. ಇಷ್ಟು ವರ್ಷವಾಯಿತು, ಎಲ್ಲಿ ಬರುತ್ತಾನೆ, ಒಂದು ಹೆಣ್ಣು ಬದುಕಿಕೊಳ್ಳಲಿ ಎಂದು ಅವರ ಮನಸ್ಸಿಗೆ ಬಂದಿರಬೇಕು.

ಇಲ್ಲ ಎಂದರೆ ಖೋಲಿ ನನ್ನದು. ಆದರೆ ಇಲ್ಲ ಎಂದರೆ ಆ ಮಾತು ಬ್ರೂಸ್‌ಪೇಟೆಯಲ್ಲೇ ನಿಲ್ಲುವುದಿಲ್ಲ, ಬಂಡಿಗಿಂತ ಮೊದಲೇ ಊರು ಸೇರುತ್ತದೆ. ಗಂಡ ಇಲ್ಲ ಎಂದು ಹೆಂಡತಿಯೇ ಹೇಳಿದ ಮೇಲೆ ಕ್ಷೌರಿಕ ಬರುತ್ತಾನೆ, ಕೆಂಪು ಸೀರೆ ಬರುತ್ತದೆ. ಅದೂ ಹೋಗಲಿ. ಕುರುಗೋಡಿನ ಬಾಗಿಲ ಹಿಂದೆ ನಿಂತು ನನ್ನ ಮಗ ಅದಾನ ಎಂದ ಆ ತಾಯಿಯ ಮಗನನ್ನು, ಒಂದು ಖೋಲಿಯ ಆಸೆಗೆ ನಾನು ನನ್ನ ಬಾಯಿಂದ ಸಾಯಿಸಬೇಕೇ? ಹಣೆಯ ಮೇಲೆ ಅವರೇ ನಿಂತು ಹಚ್ಚಿಸಿದ ಕುಂಕುಮ ಬೇರೆ ಇತ್ತು.

"ಇದ್ದಾರ್ರಿ" ಎಂದೆ.

ಪಂತುಲು ನಿಟ್ಟುಸಿರು ಬಿಟ್ಟು ಇಂಗ್ಲಿಷಿನಲ್ಲಿ ಹೇಳಿದರು. ದೊರೆಸಾನಿ ಬರೆದದ್ದರ ಮೇಲೆ ಒಂದು ಗೀಟು ಎಳೆದಳು. ಆಮೇಲೆ ಎದ್ದು ಬಂದು ನನ್ನ ಹೆಗಲು ಮುಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತೋ, ಮೆಣಸಿನಕಾಯಿಯ ಘಾಟೋ, ನಾನರಿಯೆ.

ಹೊರಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಬಹಳ ಹೊತ್ತು ಪೇಟ ಬಿಚ್ಚಿ ಸುತ್ತುತ್ತಾ ನಿಂತರು. "ಚಲೋ ಮಾಡಿದಿ" ಎಂದರು, ಆಮೇಲೆ "ಹೌದಲ್ಲೇನು?" ಎಂದರು. ಯಾರಾದರೂ ಕೇಳಿದರೆ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದಷ್ಟೇ ಹೇಳುವುದು ಎಂದು ಇಬ್ಬರೂ ಮಾತಾಡಿಕೊಂಡೆವು. ಇಮಾಮಸಾಬನಿಗೂ ಅದನ್ನೇ ಹೇಳಿದೆವು. ಅವನು ನಂಬಲಿಲ್ಲ. "ಏನ ಕೇಳಿರಬೇಕ್ರಿ ಅಂಥಾದ್ದು, ನಮ್ಮ ತಂಗೆಮ್ಮಗ ಬರದಿದ್ದು?" ಎಂದು ಎತ್ತುಗಳನ್ನು ಕೇಳುತ್ತಾ ಬಂಡಿ ಹೊಡೆದ. ಕುರುಗೋಡನ್ನು ಈ ಸಲ ಬಳಸಿ ಹೋದೆವು.

ಅಪ್ಪ ಆಮೇಲೆ ಬಹಳ ದಿನ ಇರಲಿಲ್ಲ. ತಮ್ಮನ ಮದುವೆಯಾಯಿತು. ಅಷ್ಟರಲ್ಲಿ ಅತ್ತೆಗೆ ಕಣ್ಣು ಮಂಜಾಗಿ, "ಬಂದು ನನ್ನ ಹತ್ರ ಇರವಾ" ಎಂದು ಹೇಳಿ ಕಳಿಸಿದರು. ಕುರುಗೋಡಿಗೆ ಹೋದೆ. ಅತ್ತೆ ಸೊಸೆ ಇಬ್ಬರೇ ಬಹಳ ವರ್ಷ ಇದ್ದೆವು. ಜಗಳವಾಡಿದೆವು, ಮುನಿಸಿಕೊಂಡೆವು, ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಉಪವಾಸ ಕೂತೆವು. ಗಂಡನ ಜೊತೆ ಮಾಡದ ಸಂಸಾರವನ್ನೆಲ್ಲ ನಾನು ಅತ್ತೆಯ ಜೊತೆ ಮಾಡಿದೆ ಎಂದರೂ ನಡೆದೀತು. ದಿನವೂ ಬೆಳಗ್ಗೆ ನಾನು ಕುಂಕುಮ ಹಚ್ಚಿಕೊಂಡು ಅವರ ಮುಂದೆ ನಿಲ್ಲಬೇಕು. ಅವರಿಗೆ ಕಣ್ಣು ಕಾಣದು, ವಿಧವೆಯಾದ್ದರಿಂದ ಬೆರಳಿನಿಂದ ಕುಂಕುಮ ಸವರಿ ನೋಡುವಂತೆಯೂ ಇಲ್ಲ, ಅದಕ್ಕೆ "ಹಚ್ಚಿಕೊಂಡಿಯೇನು?" ಎಂದು ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಇಬ್ಬರೂ ಹತ್ತಿ ಬಿಡಿಸಿ ಹೂಬತ್ತಿ ಹೊಸೆಯುತ್ತಿದ್ದೆವು. ಪಕ್ಕದ ಮನೆಯ ಹುಡುಗಿ ಬಂದು ತಾನು ಸಾಲಿಗೆ ಹೋಗುವುದನ್ನು ಹೇಳಿ ಓಡಿಹೋದಳು. ಅತ್ತೆಗೆ ಏನೋ ನೆನಪಾಯಿತು.

"ಆವಾಗ ಬಳ್ಳಾರ್‍ಯಾಗ ನಿನಗ ಏನ ಕೇಳಿದ್ರು ತುಂಗಾ? ಅಷ್ಟು ಓದಿದಾಕಿ ನೀನು. ಬರಲಿಲ್ಲ ಅಂದ್ರ ನಾ ಇನ್ನೂ ನಂಬಿಲ್ಲ."

ಈಗ ಹೇಳಿದರೇನು ಎನ್ನಿಸಿತು. ಎಷ್ಟೋ ಕಾಲವಾಗಿದೆ, ಬೇಕಾದರೆ ನನ್ನನ್ನು ಮೆಚ್ಚಿಕೊಳ್ಳಲಿ ಎಂಬ ಸಣ್ಣ ಆಸೆಯೂ ಇತ್ತು. ಹೇಳಿದೆ. ಗಂಡ ಇದ್ದಾರೋ ಇಲ್ಲವೋ ಎಂದು ಕೇಳಿದರು, ಇಲ್ಲ ಅಂದಿದ್ದರೆ ಕೆಲಸ ಸಿಗುತ್ತಿತ್ತು, ನಿಮ್ಮ ಮಾತು ನೆನಪಾಗಿ ಇದ್ದಾರೆ ಅಂದೆ.

ಅತ್ತೆಯ ಕೈ ನಿಂತಿತು.

"ಅದ ಒಂದ ಮಾತಿಗೆ ಹೋತೇನು ನಿನ್ನ ಸಾಲಿ?"

"ಹೌದ್ರಿ ಅತ್ತೀ. ಹೋಗ್ಲಿ ಬಿಡ್ರಿ."

"ಇಲ್ಲ ಅಂದಿದ್ರ ಖರೇನ ಆಗ್ತಿತ್ತವಾ" ಎಂದರು.

ನನಗೆ ತಿಳಿಯಲಿಲ್ಲ. ಅವರು ಹತ್ತಿಯನ್ನು ಪಕ್ಕಕ್ಕಿಟ್ಟು ಹೇಳಿದರು. ನಾವು ಬಂಡಿಯಲ್ಲಿ ಬರುವ ಹಿಂದಿನ ವರ್ಷವೇ, ತಿರುಪತಿ ಯಾತ್ರೆಯಿಂದ ಬಂದ ಆಚಾರ್ಯರೊಬ್ಬರು ಸುದ್ದಿ ತಂದಿದ್ದರಂತೆ. ದಾರಿಯ ಛತ್ರದಲ್ಲಿ ವಾಂತಿಭೇದಿಯಾಗಿ ಮಗ ಹೋದ. ಗುರುತು ಹಿಡಿದು ಬೆಂಕಿ ಕೊಟ್ಟವರೂ ಆ ಆಚಾರ್ಯರೇ. ಅತ್ತೆ ಅವರ ಕಾಲು ಹಿಡಿದು, ಇದು ಇನ್ನೊಬ್ಬರ ಕಿವಿಗೆ ಬೀಳಬಾರದು ಎಂದು ಮಾತು ತೆಗೆದುಕೊಂಡರು. ಊರಿಗೆ ಹೇಳಲಿಲ್ಲ, ಅಳಲಿಲ್ಲ. ಕರ್ಮ ಮಾಡಿಸಿದರೆ ಗೊತ್ತಾಗುತ್ತದೆಂದು ಪಿಂಡವನ್ನೂ ಇಡಿಸಲಿಲ್ಲ. ಹೆತ್ತ ಮಗನನ್ನು ನೀರಿಲ್ಲದೆ, ಅನ್ನವಿಲ್ಲದೆ ಬಿಟ್ಟರು. ಅಮಾವಾಸ್ಯೆಗೊಮ್ಮೆ ಹಿತ್ತಲಲ್ಲಿ ಒಂದು ತುತ್ತು ಅನ್ನ ಇಟ್ಟು, ಕಾಗೆ ಬಂತೇ ಎಂದು ನನ್ನನ್ನು ಕೇಳುತ್ತಿದ್ದರು. ಮುದುಕಿಯ ಹುಚ್ಚು ಎಂದುಕೊಂಡು ನಾನು ಬಂತು ಬಂತು ಎನ್ನುತ್ತಿದ್ದೆ.

"ಯಾಕ್ರಿ ಅತ್ತೀ?" ಎಂದೆ.

"ನಿನ್ನ ಕೂದಲ ನೋಡಿದ್ದೆನವಾ, ಮದಿವ್ಯಾಗ. ಮೊಣಕಾಲ ತನಕ ಜಡಿ. ನನ್ನ ಮುಂದ ಕೂತು ಕ್ಷೌರದವ ಕತ್ತಿ ಮಸಿಯೋ ಸಪ್ಪಳ ಈಗೂ ಕಿವ್ಯಾಗ ಐತಿ. ನನ್ನ ಜೀವ ಇರೋತನಕ ನಿನಗದು ಬ್ಯಾಡ ಅಂದೆ."

ನನಗೆ ಅಳು ಬಂತೋ, ಸಿಟ್ಟು ಬಂತೋ, ಎರಡೂ ಒಟ್ಟಿಗೆ ಆಯಿತು. ಸತ್ತ ಗಂಡನಿಗಾಗಿ ಅತ್ತದ್ದು ಸ್ವಲ್ಪ, ಆ ಖೋಲಿಗಾಗಿ ಅತ್ತದ್ದು ಬಹಳ. ಅದನ್ನು ಹೇಳಲು ನನಗೆ ಸಂಕೋಚವಿಲ್ಲ. "ನನಗ ಒಂದ ಮಾತು ಹೇಳಬಾರದಾಗಿತ್ತೇನ್ರಿ? ಆ ದಿನ ಬಾಗಿಲ ಹಿಂದಿನಿಂದರ ಹೇಳಬಾರದಾಗಿತ್ತೇನ್ರಿ?" ಎಂದು ಕೇಳಿದೆ.

"ಹೇಳಿದ್ರ ಏನಂತಿದ್ದಿ?" ಎಂದು ಅತ್ತೆ ಮಂಜು ಕಣ್ಣಿನಿಂದ ನನ್ನ ಕಡೆ ತಿರುಗಿದರು. "ಖರೇ ಹೇಳು ತುಂಗಾ. ಕೂದಲ ಬೇಕಂತಿದ್ದಿಯೋ, ಸಾಲಿ ಬೇಕಂತಿದ್ದಿಯೋ?"

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಅತ್ತೆ ಬಹಳ ಹೊತ್ತು ಕಾದರು, ನಿಜವಾಗಿಯೂ ಉತ್ತರ ಬೇಕು ಎಂಬ ಹಾಗೆ. ಕೊನೆಗೆ ತಾವೇ ಹೇಳಿದರು.

"ನನಗ ಬೋಳಿಸುವಾಗ ನನ್ನ ಯಾರೂ ಕೇಳಲಿಲ್ಲ. ನಿನಗ ಉಳಿಸುವಾಗ ನಾನೂ ನಿನ್ನ ಕೇಳಲಿಲ್ಲ. ಅದೊಂದು ತಪ್ಪಾತವಾ."

ಅತ್ತೆ ಹೋಗಿ ಎಷ್ಟೋ ವರ್ಷಗಳಾದವು. ಕುರುಗೋಡಿನ ಮನೆ ಬಿಟ್ಟು ನಾನು ಮತ್ತೆ ತಮ್ಮನ ಮನೆ ಸೇರಿದೆ. ಊರಿನ ಲೆಕ್ಕದಲ್ಲಿ ನಾನಿನ್ನೂ ಮುತ್ತೈದೆ. ಈ ವಯಸ್ಸಿನಲ್ಲಿ ಇದನ್ನೆಲ್ಲ ಓದಿ ಯಾರಾದರೂ ಕತ್ತಿ ಮಸೆಯಲು ಬಂದರೆ ಬರಲಿ. ಸಾಲಿ ಬೇಕು ಎನ್ನುತ್ತಿದ್ದೆ ಎಂದು ಈಗ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ. ಆದರೆ ಇದು ಮುದುಕಿಯ ಉತ್ತರ. ಮೊಣಕಾಲ ತನಕ ಜಡೆ ಇದ್ದ, ಖೋಲಿಯ ಒಲೆಗೆ ಮೂರು ಸಲ ಮೂಲೆ ಬದಲಾಯಿಸಿದ ಆ ಹುಡುಗಿ ಏನೆನ್ನುತ್ತಿದ್ದಳೋ ನನಗೆ ಗೊತ್ತಿಲ್ಲ. ಅವಳನ್ನು ಯಾರಾದರೂ ಒಮ್ಮೆ ಕೇಳಬೇಕಾಗಿತ್ತು.